ಬಾಂಕ್ ಆದ ಬ್ಯಾಂಕ್ ಮ್ಯಾನೇಜರು

ನಮ್ಮ ಮೇಲಿನ ಮನೆ ರಾಯರಿಗೆ ಟೈಮಿಲ್ಲ. ಇದನ್ನು ಅವರು ಗೇಟಿಗೆ ಒರಗಿಕೊಂಡು ದಿನಕ್ಕೆ ಕಡಿಮೆಯೆಂದರೂ ಮುಕ್ಕಾಲು ಗಂಟೆ ನನಗೆ ವಿವರಿಸುತ್ತಾರೆ.

"ಬೆಳಿಗ್ಗೆ ಐದೂಕಾಲಿಂದ ಆರೂಕಾಲು, ಅಷ್ಟೇ ಮೇಷ್ಟ್ರೇ ನಂಗೆ ಸಿಗೋದು. ಆಮೇಲೆ ಮಗಳ ಸ್ಕೂಲ್ ವ್ಯಾನು, ಅಮ್ಮನ ಬಿಪಿ ಮಾತ್ರೆ, ಬ್ಯಾಂಕು. ಈ ಒಂದು ಗಂಟೇಲಿ ಎಂಡ್ಯೂರೆನ್ಸ್ ಕಟ್ಬೇಕು." ಕಟ್ಟುವ ಮಾತನ್ನು ಅವರು ಸೈಟು ಕೊಂಡವರ ಧಾಟಿಯಲ್ಲಿ ಆಡುತ್ತಾರೆ. ಪಾಯ ಉಂಟು, ಕ್ಯೂರಿಂಗ್ ಉಂಟು, ಅವಸರ ಮಾಡಿದರೆ ಬಿರುಕು ಬಿಡುವುದೂ ಉಂಟು.

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ವಾಸ. ರಾಯರಿಗೆ 46 ವರ್ಷ. ಡಾಕ್ಟರು ನಡೀರಿ ಅಂದಿದ್ದರು; ಇವರು ಸೈಕಲ್ ತಂದರು. ಅಂಗಡಿಯಲ್ಲಿ ಕೊಟ್ಟ ಬೆಲೆ ಒಂದು, ಮನೆಯಲ್ಲಿ ಹೇಳಿದ್ದು ಇನ್ನೊಂದು. ಎರಡೂ ಗೊತ್ತಿರುವ ಏಕೈಕ ಪ್ರಾಣಿ ನಾನಾದ್ದರಿಂದ ಅವರ ಮನೆಯವರು ಕಾಫಿಗೆ ಕರೆದಾಗಲೆಲ್ಲ ಎದೆ ಸ್ವಲ್ಪ ಹೊಡೆದುಕೊಳ್ಳುತ್ತದೆ. ಗಾಡಿಗೆ ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡಿಲ್ಲ, ಬೆಲ್ಲೂ ಇಲ್ಲ. "ಇಷ್ಟೆಲ್ಲ ಇಲ್ದೇ ಇರೋದಕ್ಕೆ ಅಷ್ಟೊಂದು ದುಡ್ಡೇನೋ?" ಎಂದು ರಾಯರ ತಾಯಿ ಕೇಳಿದ್ದರಲ್ಲಿ ನ್ಯಾಯವಿತ್ತು. ಆಕೆಗೆ ಹೇಳಿದ್ದು ಕಡಿಮೆ ಬೆಲೆಯೇ! ಮಾರನೆಯ ದಿನ ಒಣಹಾಕಿದ್ದ ಸೈಕಲ್ ಚಡ್ಡಿಯನ್ನು ತಂತಿಯಿಂದ ತೆಗೆದು, ಹಿಂದುಗಡೆ ಒತ್ತಿ ನೋಡಿ, "ಇದ್ರೊಳಗೆ ದಿಂಬು ಹೊಲ್ಸಿದಾರಲ್ಲೇ" ಎಂದು ಸೊಸೆಯನ್ನು ಕರೆದರಂತೆ.

ಮೊದಲ ಭಾನುವಾರವೇ ರಾಯರು ಚಾಮುಂಡಿ ಬೆಟ್ಟಕ್ಕೆ ನುಗ್ಗಿದರು. ಎರಡನೇ ತಿರುವಿನಲ್ಲಿ ಕಟ್ಟೆಯ ಮೇಲೆ ಕೂತವರು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ. ಮೆಟ್ಟಿಲು ಹತ್ತಿ ಬಂದ ಮುದುಕಿಯರು ದರ್ಶನ ಮುಗಿಸಿ ಬಸ್ಸಿನಲ್ಲಿ ಇಳಿಯುವಾಗಲೂ ಅಲ್ಲೇ ಇದ್ದರು. "220ರಲ್ಲಿ ವಯಸ್ಸು ಕಳೆದ್ರೆ ಎದೆಬಡಿತ ಹೆಚ್ಚೆಂದ್ರೆ 174. ನಂದು 171 ತೋರಿಸ್ತಿತ್ತು ಮೇಷ್ಟ್ರೇ, ಇನ್ನೂ ಮೂರು ಬಾಕಿ ಇತ್ತು" ಎಂದರು, ಓವರ್‌ಡ್ರಾಫ್ಟಿನ ಮಿತಿ ಹೇಳುವವರಂತೆ. ಆ ಸೂತ್ರ ಬರೀ ಅಂದಾಜಿನದು, ಮನುಷ್ಯನಿಂದ ಮನುಷ್ಯನಿಗೆ ಹತ್ತು ಹನ್ನೆರಡು ಆಚೀಚೆ ಆಗುತ್ತದೆ ಎಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಎರಡನೆಯದು ಬೂಟಿನ ಪ್ರಕರಣ. ಪೆಡಲಿಗೆ ಟಕ್ ಎಂದು ಕಚ್ಚಿಕೊಳ್ಳುವ ಬೂಟು. ಹಿಮ್ಮಡಿಯನ್ನು ಹೊರಕ್ಕೆ ತಿರುಚಿದರಷ್ಟೇ ಬಿಡುವುದು. ಅಗ್ರಹಾರ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿತ್ತು, ರಾಯರು ಬ್ರೇಕು ಹಾಕಿದರು, ನಿಂತರು. ಆಮೇಲೆ ಗೊನೆ ಕಡಿದ ಬಾಳೆಗಿಡದ ಹಾಗೆ, ಯಾವ ಅವಸರವೂ ಇಲ್ಲದೆ ಪಕ್ಕಕ್ಕೆ ಒರಗಿದರು.

"ಕಾಲು ಕೆಳಗಿಡಪ್ಪಾ!" ಎಂದು ಓಡಿಬಂದಳು ಹೂವಿನಾಕೆ.

"ಕಾಲು ಅಂಟ್ಕೊಂಡಿದೆ ಕಣಮ್ಮ."

"ಅಯ್ಯೋ ಶಿವನೇ, ಎಷ್ಟು ದಿವ್ಸದಿಂದ?"

ಇಷ್ಟಾದ ಮೇಲೆ ಹಳೇ ಸವಾರರೊಬ್ಬರು ಬುದ್ಧಿ ಹೇಳಿದರು. ದಮ್ಮು ಕಟ್ಟುವುದು ನಿಧಾನದಿಂದ. ಬಹುಪಾಲು ಸವಾರಿ, ಪೂರ್ತಿ ವಾಕ್ಯದಲ್ಲಿ ಮಾತಾಡಿಕೊಂಡು ಹೋಗುವಷ್ಟು ಮೆಲ್ಲಗಿರಲಿ. ಸ್ನಾಯುವಿನೊಳಗಿನ ಸಣ್ಣ ರಕ್ತನಾಳ ಹೆಚ್ಚುವುದೂ, ಮೈ ಕೊಬ್ಬನ್ನು ಉರುವಲು ಮಾಡಿಕೊಳ್ಳುವುದನ್ನು ಕಲಿಯುವುದೂ ಆ ವೇಗದಲ್ಲಿ ಚೆನ್ನಾಗಿ ಆಗುತ್ತದೆ. ವಾರಕ್ಕೊಂದು ದಿನ ಮಾತ್ರ ಎಂಟೆಂಟು ನಿಮಿಷದ ಮೂರು ಸುತ್ತು ಏದುಸಿರು ಬಿಡಿ. ಭಾನುವಾರ ಉದ್ದಕ್ಕೆ ಹೋಗಿ, ವಾರದಿಂದ ವಾರಕ್ಕೆ ಚೂರು ಚೂರೇ ಬೆಳೆಸಿ. ಟೈಮಿಲ್ಲದವರಿಗೂ ಇದು ಒಳ್ಳೆ ದಾರಿ.

ಮಾತಾಡಿಕೊಂಡು! ರಾಯರ ಜಾತಕ ಖುಲಾಯಿಸಿತು. ಆದರೆ ಮಾತಿಗೆ ಕೇಳುವವರೊಬ್ಬರು ಬೇಕು. ನಾನು ನಿವೃತ್ತ ಕನ್ನಡ ಮೇಷ್ಟ್ರು, ಸ್ಕೂಟರಿದೆ, ಬೆಳಿಗ್ಗೆ ನಿದ್ದೆ ಬರುವುದಿಲ್ಲ. ಮೂರನ್ನೂ ಯಾವತ್ತೋ ನಾನೇ ಬಾಯಿಬಿಟ್ಟು ಹೇಳಿದ್ದೆ.

ಈಗ ಐದೂಕಾಲಿಗೆ ರಿಂಗ್ ರೋಡಿನಲ್ಲಿ ಅವರ ಪಕ್ಕ ನನ್ನ ಸ್ಕೂಟರು. ಗಂಟೆಗೆ ಇಪ್ಪತ್ತರ ವೇಗದಲ್ಲಿ ಸ್ಕೂಟರ್ ಓಡಿಸಲು ಬೇಕಾದ ಎಂಡ್ಯೂರೆನ್ಸಿನ ಬಗ್ಗೆ ಯಾರೂ ಪುಸ್ತಕ ಬರೆದಂತಿಲ್ಲ. ರಾಯರು ಮಾತಾಡುತ್ತಾರೆ. ವಸೂಲಾಗದ ಸಾಲ, ಮಗಳ ಟ್ಯೂಷನ್ನು, 2014ರಲ್ಲಿ ತಪ್ಪಿದ ಪ್ರಮೋಷನ್ನು. ಏರು ಬಂದರೆ ವಾಕ್ಯದಿಂದ ಮೊದಲು ಗುಣವಾಚಕ ಉದುರುತ್ತದೆ, ಆಮೇಲೆ ಕರ್ಮಪದ. ಕ್ರಿಯಾಪದವೂ ಹೋಯಿತೆಂದರೆ ನಾನು "ನಿಧಾನ, ರಾಯರೇ" ಎನ್ನಬೇಕು. ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದ್ದು ಇದಕ್ಕೆ ಒದಗಿತು. ಅವರ ದಮ್ಮು ನಿಜಕ್ಕೂ ಬೆಳೆಯಿತು, ಸುಳ್ಳು ಹೇಳಬಾರದು. ಎರಡು ತಿಂಗಳಲ್ಲಿ ಅದೇ ಏರಿನಲ್ಲಿ ವಿಭಕ್ತಿ ಪ್ರತ್ಯಯ ಸಮೇತ ಪ್ರಮೋಷನ್ ಕಥೆ ಮುಗಿಸಿದರು.

ಭಾನುವಾರಗಳು ಬೆಳೆದವು. ನಂಜನಗೂಡು ಆಯಿತು, ಶ್ರೀರಂಗಪಟ್ಟಣ ಆಯಿತು. ಮೂರನೇ ತಿಂಗಳು ಒಬ್ಬರೇ ಟಿ. ನರಸೀಪುರಕ್ಕೆ ಹೋದವರು, ಚಿಕ್ಕಿ ಜೇಬಿನಲ್ಲೇ ಇದ್ದರೂ ಹಸಿವಾಗಲಿ ಆಮೇಲೆ ತಿನ್ನೋಣ ಎಂದುಕೊಂಡರು. ಹಸಿವಾಗುವ ಹೊತ್ತಿಗೆ ಹೊತ್ತು ಮೀರಿರುತ್ತದೆ. ಸ್ನಾಯುವಿನಲ್ಲಿದ್ದ ಸಕ್ಕರೆ ಬರಿದಾಗಿ ಕಾಲು ಒದ್ದೆ ಹತ್ತಿಯ ಹಾಗಾಗುವುದಕ್ಕೆ ಸೈಕಲ್ಲಿನವರ ಭಾಷೆಯಲ್ಲಿ ಬಾಂಕ್ ಎನ್ನುತ್ತಾರೆ. ರಾಯರು ದಾರಿಯ ಹುಣಸೆಮರದ ಕೆಳಗಿಂದ ಮನೆಗೆ ಫೋನ್ ಹಚ್ಚಿದರು.

"ಬಾಂಕ್ ಆಗ್ಬಿಟ್ಟೆ ಕಣೇ."

"ಭಾನುವಾರ ಯಾವ ಬ್ಯಾಂಕೂರೀ?"

"ಬ್ಯಾಂಕ್ ಅಲ್ವೇ, ಬಾಂಕ್! ಬಾಂಕ್!"

"ಕಿರುಚ್ಬೇಡಿ. ಬೀಗದ ಕೈ ಮರೆತು ಹೋಗಿದ್ರೆ ಹೇಳಿ, ಕಳಿಸ್ತೀನಿ."

ಹತ್ತಿರದ ಹೋಟೆಲಿನಲ್ಲಿ ಎಂಟು ಇಡ್ಲಿ ತಿಂದು ಬೆಂಚಿನ ಮೇಲೆ ಮಲಗಿ ಎದ್ದು ಬಂದರು. ಅಲ್ಲಿಂದೀಚೆಗೆ ಅರ್ಧ ಗಂಟೆಗೊಮ್ಮೆ ಏನಾದರೂ ಬಾಯಿಗೆ ಹಾಕಿಕೊಳ್ಳುವ ನೇಮ. ಸೈಕಲ್ ಮೇಲೆ ಇಲ್ಲದಾಗಲೂ ಅದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಮುಂದಿನ ಗುರಿ 200 ಕಿಲೋಮೀಟರಿನ ಬ್ರೆವೆ ಎಂಬ ದೂರದ ಸವಾರಿ. ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಒಂದೇ ವರ್ಷದಲ್ಲಿ ಆಮೇಲೆ 300, 400, 600. ಅಷ್ಟೂ ಮುಗಿಸಿದರೆ, ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್. 1891ರಲ್ಲಿ ಶುರುವಾದ ಸವಾರಿ, 1200 ಕಿಲೋಮೀಟರು, 90 ಗಂಟೆ. "90 ಗಂಟೆ ಅಂದ್ರೆ ನನ್ನ ದಿನಕ್ಕೊಂದು ಗಂಟೆ ಲೆಕ್ಕದಲ್ಲಿ ಮೂರು ತಿಂಗಳು" ಎಂದೆಲ್ಲ ಗುಣಿಸುತ್ತಾರೆ. ಅಷ್ಟು ಹೊತ್ತು ಪಕ್ಕದಲ್ಲಿ ಸ್ಕೂಟರ್ ಬಿಡುತ್ತಾರೋ ಇಲ್ಲವೋ ವಿಚಾರಿಸಬೇಕು.

ಕಳೆದ ಭಾನುವಾರ ಬೇಗೂರು ದಾಟಿ ಹೋಗಿ ಬಂದರು. ನಾನು ಗೇಟಿನ ಮುಂದೆ ಕಸ ಗುಡಿಸುತ್ತಿದ್ದೆ. ರಾಯರು ಕೈಗಡಿಯಾರ ನೋಡಿಕೊಂಡರು, 99.4 ಕಿಲೋಮೀಟರು. ಇಳಿಯಲಿಲ್ಲ. ಬೀದಿಯಲ್ಲಿ ಗಾಣದ ಎತ್ತಿನ ಹಾಗೆ ಸುತ್ತತೊಡಗಿದರು.

"ರೀ, ಸುತ್ತಿದ್ದು ಸಾಕು, ಹಾಲು ತಂದ್ಬಿಡಿ!" ಬಾಲ್ಕನಿಯಿಂದ ಕೂಗು ಬಂತು.

ಬೇರೆ ದಿನವಾಗಿದ್ದರೆ, ಇದಕ್ಕೆ ಕ್ಯಾರಿಯರಿಲ್ಲ ಎಂದು ಭಾಷಣವಾಗುತ್ತಿತ್ತು. ಅವತ್ತು ರಾಯರ ಮುಖ ಅರಳಿತು. "ಹಾಲಿನ ಬೂತು ಮುನ್ನೂರು ಮೀಟ್ರು ಮೇಷ್ಟ್ರೇ! ಹೋಗ್ತಾ ಮುನ್ನೂರು, ಬರ್ತಾ ಮುನ್ನೂರು!" ಎಂದು ಕ್ರಿಯಾಪದವಿಲ್ಲದ ವಾಕ್ಯ ಎಸೆದು ಹೊರಟೇಹೋದರು.

ಐದು ನಿಮಿಷದಲ್ಲಿ ಬಂದರು. ಜರ್ಸಿಯ ಬೆನ್ನಿನ ಜೇಬಿನಲ್ಲಿ ಎರಡು ನಂದಿನಿ ಪ್ಯಾಕೆಟ್ಟು, ಗಡಿಯಾರದಲ್ಲಿ ಮೂರಂಕಿ. ಗೇಟಿನ ಮುಂದೆ ಬ್ರೇಕು ಹಾಕಿ, ಅಭ್ಯಾಸವಾದ ಗತ್ತಿನಲ್ಲಿ ಹಿಮ್ಮಡಿ ತಿರುಚಿ ಎಡಗಾಲನ್ನು ಸಲೀಸಾಗಿ ಬಿಡಿಸಿಕೊಂಡರು. ಬಲಕ್ಕೆ ವಾಲಿದರು.

ಒಂದು ಪ್ಯಾಕೆಟ್ಟು ಉಳಿಯಿತು.