ಅಕ್ಕೋರ ಪಗಾರ

(ಮಹಾರಾಷ್ಟ್ರದ ಮಾಲಗಾಂವ. ಬಳ್ಳಿ ಕತ್ತರಿಸೂ ಅಕ್ಟೋಬರ್ ಚಾಟಣಿ ಆಗಿ ದ್ರಾಕ್ಷಿ ಕಾಯಿಕಟ್ಟಿದ ಹೊತ್ತು. ಅಕ್ಕೋರು ಸಾಲಿ ಬಿಟ್ಟು ಬಂದು ಇನ್ನೂ ಚಪ್ಪಲಿ ಕಳದಿಲ್ಲ.)

ಅತ್ತಿ: ಆಳು ಬಂದಿಲ್ಲವಾ. ಗೊನಿ ಕಾಯಿ ದಪ್ಪ ಆಗೂ ಜಿ.ಎ. ಔಷಧದಾಗ ಅದ್ದಬೇಕು, ನಡಿ.

ಅಕ್ಕೋರು: ಒಂದ ಕಪ್ಪ ಚಾ ಕುಡೀತೀನ್ರಿ ಅತ್ತಿ.

ಅತ್ತಿ: ದಿನಾ ಕುರ್ಚಿ ಮ್ಯಾಲ ಕುಂತಾಕಿಗೆ ಎಂಥಾ ದಣಿವು?

ಗಂಡ: ಔಷಧದಂಗಡಿಯಾಂವ ಕೇಳಾಕತ್ತಿದ್ದ, ನಿನ್ನ ಪಗಾರ ಯಾವಾಗಂತ.

ಅಕ್ಕೋರು: ಉದ್ರಿ ತೀರಸಾಕ ನಾನು. ಹೊಲದ ಸಾತಬಾರಾ ಉತಾರದಾಗ ಹೆಸರು ಯಾರದು?

ಗಂಡ: ಅಲ್ಲಿ ಅಪ್ಪ.

(ರೈತನ ಹೆಂಡ್ತಿ ರೈತಳಲ್ಲ, ತಲಾಠಿ ದಫ್ತರದ ವ್ಯಾಕರಣ.)

ಅಕ್ಕೋರು: 1986ರಾಗ ಚಾಂದವಡದಾಗ ಹೆಣ್ಮಕ್ಕಳ ಅಧಿವೇಶನ ಮಾಡಿದ ರೈತ ಮುಖಂಡ ಶರದ ಜೋಶಿಯವರು, ಆಮ್ಯಾಲ ‘ಲಕ್ಷ್ಮೀಮುಕ್ತಿ’ ಅಂತ ಹೆಂಡ್ತಿ ಹೆಸರಿಗೆ ಹೊಲ ಬರೀರಿ ಅಂದಿದ್ರು.

ಗಂಡ: ಜೋಶಿಯವರ ಭಾಷಣಕ್ಕ ಅಪ್ಪ ಚಪ್ಪಾಳಿ ಹೊಡದಾನ!

ಅತ್ತಿ: ಆ ಕೈನೋವು ಇನ್ನೂ ಹೋಗಿಲ್ಲ. ಅದಕ್ಕ ಗೊನಿ ಅದ್ದಾಕ ಬರಂಗಿಲ್ಲ.