ಪಲ್ಲವಿ ಕವಿಗಳು

ಧಾರವಾಡದಲ್ಲಿ ಕಲ್ಲೆಸೆದರೆ ಅದು ಕವಿಯೊಬ್ಬನ ಮನೆಯ ಮೇಲೆ ಬೀಳುವುದೆಂಬ ಮಾತುಂಟು. ಮೈಸೂರಿನವರಾದ ನಾವು ಕಲ್ಲೆಸೆಯುವಷ್ಟು ಶ್ರಮಪಡುವವರಲ್ಲವಾದ್ದರಿಂದ ನಮ್ಮಲ್ಲಿನ ಕವಿಗಳ ಲೆಕ್ಕ ಇನ್ನೂ ಸರಿಯಾಗಿ ಸಿಕ್ಕಿಲ್ಲ. ಆದರೂ ನಮ್ಮ ಬೀದಿಯ ಮಟ್ಟಿಗೆ ನಾನು ಪ್ರಮಾಣ ಮಾಡಿ ಹೇಳಬಲ್ಲೆ: ಎದುರು ಸಾಲಿನ 3ನೆಯ ಮನೆಯಲ್ಲಿ, ಹಗಲೆಲ್ಲ ಸರ್ಕಾರಿ ಕಛೇರಿಯೊಂದರ ಟಪಾಲು ಗುಮಾಸ್ತರಾಗಿಯೂ, ಸಂಜೆ ಐದೂವರೆಯ ತರುವಾಯ ಚಿತ್ರಗೀತಸಾಹಿತಿಗಳಾಗಿಯೂ ಬಾಳುತ್ತಿರುವ ಮಹನೀಯರೊಬ್ಬರಿದ್ದಾರೆ. ಅವರ ಗೀತೆ ಈವರೆಗೆ ಯಾವ ಚಿತ್ರದಲ್ಲಿಯೂ ಬಂದಿಲ್ಲ. ಅವರ ದೃಷ್ಟಿಯಲ್ಲಿ ಅದು ಟಪಾಲು ತಡವಾದಂತೆ ಒಂದು ಸಾಮಾನ್ಯ ವಿಳಂಬ, ಅಷ್ಟೆ.

ಅವರಲ್ಲಿ ದಪ್ಪರಟ್ಟಿನ ನೋಟುಪುಸ್ತಕವೊಂದುಂಟು. ಅದನ್ನು ಒಮ್ಮೆ ನನ್ನ ಕೈಗೆ ಕೊಟ್ಟಿದ್ದರು. ಪ್ರತಿಯೊಂದು ಹಾಳೆಯ ನೆತ್ತಿಯಲ್ಲಿಯೂ ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಒಂದು ಪಲ್ಲವಿ. ಅದರ ಕೆಳಗೆ ಅಡಿಗೆರೆಯೊಡನೆ ‘ಚರಣ 1’ ಎಂಬ ಶೀರ್ಷಿಕೆ. ಅದರ ಕೆಳಗೆ ಹಿಮಾಲಯದಂತೆ ಶುಭ್ರವಾದ ಕಾಗದ. ಕಾವ್ಯಶಕ್ತಿ ಬತ್ತಿದ್ದರಿಂದ ಹೀಗಾಯಿತೆಂದು ತಿಳಿಯುವುದು ಅನ್ಯಾಯ. ಪಲ್ಲವಿಯ ಕೊನೆಯ ಅಕ್ಷರದ ಮಸಿ ಆರುವಷ್ಟರಲ್ಲಿ ಅವರ ಮನಸ್ಸು ಮದರಾಸಿನ ರೈಲು ಹತ್ತಿ ಸಿನಿಮಾ ಸ್ಟುಡಿಯೋಗಳ ಕೋಡಂಬಾಕ್ಕಂ ತಲುಪಿರುತ್ತದೆ. ನಮ್ಮೂರಿನಲ್ಲಿಯೇ ಪ್ರೀಮಿಯರ್ ಸ್ಟುಡಿಯೋ ಇತ್ತಷ್ಟೆ; ಅದರ ಮುಂದೆ ಹಾದುಹೋಗುವಾಗ ಅವರ ಸೈಕಲ್ಲು ನಿಷ್ಕಾರಣವಾಗಿ ನಿಧಾನಿಸುವುದನ್ನೂ, ಎದುರಿಗೆ ನರಪಿಳ್ಳೆಯಿಲ್ಲದಿದ್ದರೂ ಗಂಟೆ ಬಾರಿಸುವುದನ್ನೂ ನಾನು ಕಂಡಿದ್ದೇನೆ. ಆದರೆ ಹಾಡುಗಳ ಧ್ವನಿಮುದ್ರಣ ನಡೆಯುತ್ತಿದ್ದುದು ಮದರಾಸಿನಲ್ಲಿ ಎಂಬುದನ್ನು ಬಲ್ಲವರಾದ್ದರಿಂದ ಕನಸಿನಲ್ಲಿಯೂ ಅವರು ರೈಲುಚಾರ್ಜನ್ನು ಉಳಿಸುವುದಿಲ್ಲ.

ಅಲ್ಲಿ ವಾದ್ಯಗಾರರು ಪಿಟೀಲುಗಳನ್ನು ಶ್ರುತಿಮಾಡಿಕೊಳ್ಳುತ್ತಿರುತ್ತಾರೆ, ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರು ಕೈಯೆತ್ತುತ್ತಾರೆ; ಪಿ. ಬಿ. ಶ್ರೀನಿವಾಸರ ಕಂಠವಲ್ಲದೆ ಬೇರೊಂದನ್ನು ನಮ್ಮ ಕವಿಗಳು ಒಪ್ಪರು. ಗ್ರಾಮಫೋನು ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುವ ಆ 3 ಮಿನಿಟುಗಳಲ್ಲಿ ಏನೇನು ಹಾಡಲಾಯಿತೆಂಬುದನ್ನು ಕನಸು ತಿಳಿಸುವುದಿಲ್ಲ. ಚರಣವಿರುವ ಜಾಗಕ್ಕೆ ಬಂದಾಗ ಯಾರೋ ಬಾಗಿಲು ತೆರೆದು ಕಾಫಿ ತರುತ್ತಾರೆ. ಆ ಬಳಿಕ ಕಥೆ ಸರಾಗ. ಹಾಡು ಜಟಕಾ ಹೊಡೆಯುವವನ ಬಾಯಿಗೆ ಬೀಳುತ್ತದೆ. ಕ್ಷೌರದಂಗಡಿಯಲ್ಲಿ ಕತ್ತರಿ ಅದರ ತಾಳಕ್ಕೆ ಆಡುತ್ತದೆ. ಟಾಕೀಸಿನ ಮುಂಬೆಂಚಿನವರು ಪರದೆಗೆ ಕಾಸು ತೂರುತ್ತಾರೆ. ಕೊನೆಗೆ ಪುರಭವನದಲ್ಲಿ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ, ಮತ್ತು “ನಾನೇನು ಮಹಾ ಬರೆದೆ, ತಾಯಿ ಶಾರದೆ ಬರೆಸಿದಳು” ಎಂದು ಮೊದಲಾಗುವ ಭಾಷಣ. ಭಾಷಣ ಮಾತ್ರ ಆದ್ಯಂತ ಸಿದ್ಧವಾಗಿದೆ. ಅದಕ್ಕೆ ಚರಣಗಳೂ ಉಂಟು.

ರೇಡಿಯೋದಲ್ಲಿ ಚಿತ್ರಗೀತೆ ಬರುವಾಗ ಅವರನ್ನು ನೋಡಬೇಕು. ಹಾಡಿಗೆ ಮೊದಲು ಚಿತ್ರ, ಗಾಯಕರು, ಸಂಗೀತ, ಸಾಹಿತ್ಯ ಎಂದು ಹೆಸರುಗಳನ್ನು ಓದುವರಷ್ಟೆ. ‘ಸಾಹಿತ್ಯ’ ಎಂಬ ಶಬ್ದಕ್ಕೂ ಅದರ ಮುಂದಿನ ಹೆಸರಿಗೂ ನಡುವಣ ಆ ಅರೆಕ್ಷಣದಲ್ಲಿ ಅವರು ಉಸಿರನ್ನು ಬಿಗಿಹಿಡಿಯುತ್ತಾರೆ. ಇನ್ನೊಬ್ಬರ ಹೆಸರು ಬಂದೊಡನೆ ಉಸಿರು ಹೊರಗೆ ಹೋಗುತ್ತದೆ. ಹಾಡು ತೊಡಗಿದೊಡನೆ ಕವಿಗಳೂ ಹೊರಗೆ ಹೋಗುತ್ತಾರೆ. ಪರಂಪರೆಯಲ್ಲಿ ಮಾತ್ರ ಅವರಿಗೆ ಅಚಲವಾದ ಭಕ್ತಿ. 1934ರಲ್ಲಿ ಕೊಲ್ಲಾಪುರದಲ್ಲಿ ತಯಾರಾದ ‘ಸತಿ ಸುಲೋಚನ’ಕ್ಕೆ ಹಾಡು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳಿಂದ ಹಿಡಿದು ಕು. ರ. ಸೀ., ಚಿ. ಉದಯಶಂಕರ್ ಎಂದು ಗುರುಪೀಠದ ವಂಶಾವಳಿಯಂತೆ ಪಠಿಸುತ್ತ ಬಂದು, ಅಲ್ಲಿ ಒಂದು ಅಲ್ಪವಿರಾಮದಷ್ಟು ಹೊತ್ತು ನಿಂತು ನನ್ನ ಮುಖವನ್ನು ನೋಡುತ್ತಾರೆ.

ಒಂದು ದಿನ ನಾನು ಕುಚೋದ್ಯದಿಂದಲೇ ಕೇಳಿದೆ: “ಅಲ್ಲ ಸ್ವಾಮಿ, ಸಿನಿಮಾದಲ್ಲಿ ಮೊದಲು ಮಟ್ಟು, ಆಮೇಲೆ ಮಾತು ಎನ್ನುತ್ತಾರಲ್ಲ? ಸಂಗೀತದವರು ಹಾರ್ಮೋನಿಯಂ ಒತ್ತಿ ‘ತನನ ತಾನನ’ ಎನ್ನಬೇಕು, ನಿರ್ದೇಶಕರು ಸನ್ನಿವೇಶ ಹೇಳಬೇಕು, ಆ ತನನದ ಅಳತೆಗೆ ಸರಿಯಾಗಿ ಕವಿ ಅಲ್ಲಿಯೇ ಕೂತು ಅಕ್ಷರ ಹೊಲಿಯಬೇಕು. ನೀವು ಮನೆಯಲ್ಲೇ ಅಂಗಿ ಹೊಲಿದಿಟ್ಟುಕೊಂಡು ಅದಕ್ಕೆ ತಕ್ಕ ಮೈಯನ್ನು ಕಾಯುತ್ತಿದ್ದೀರಲ್ಲ?”

ಅವರು ನನ್ನನ್ನು ಮರುಕದಿಂದ ನೋಡಿ, “ಬೇಂದ್ರೆಯವರ ‘ಬೆಳಗು’ 1932ರ ‘ಗರಿ’ಯಲ್ಲಿದೆ. 1967ರಲ್ಲಿ ಅದು ‘ಬೆಳ್ಳಿಮೋಡ’ ಚಿತ್ರದ ಹಾಡಾಯಿತು. ಸನ್ನಿವೇಶ ಕೇಳಿಕೊಂಡು ಬರೆದಿದ್ದರೇನು? ಚಿತ್ರವೇ ಪದ್ಯವನ್ನು ಹುಡುಕಿಕೊಂಡು ಬಂತು, ರಾಯರೇ!” ಎಂದರು.

“35 ವರ್ಷವಾಯಿತಲ್ಲ!”

“ನನಗೇನು ಅವಸರ?”

ಬೇಂದ್ರೆಯವರ ಪದ್ಯ ಮೊದಲ ನುಡಿಯಲ್ಲಿಯೇ ನಿಂತಿರಲಿಲ್ಲವೆಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಕುಡಿಯುತ್ತಿದ್ದ ಕಾಫಿ ಅವರ ಮನೆಯದಾದ್ದರಿಂದ ಅದರೊಡನೆಯೇ ನುಂಗಿಕೊಂಡೆ.

ಕಳೆದ ಭಾನುವಾರ ಅವರ ಜಗಲಿಯಲ್ಲಿ ಕೂತಿದ್ದಾಗ ಹೊಸ ಪಲ್ಲವಿಯೊಂದರ ಪಾರಾಯಣ ನಡೆದಿತ್ತು: “ಕಿಟಕಿಯ ತೆರೆದವಳೆ, ಚಿಟಿಕೆಯ ಹೊಡೆದವಳೆ.” ದ್ವಿತೀಯಾಕ್ಷರಪ್ರಾಸದ ಸೊಗಸನ್ನು ಅವರು 4 ಬಾರಿ ವಿವರಿಸಿದರು. ನಾಯಕಿ ಕಿಟಕಿ ತೆರೆದು ಚಿಟಿಕೆ ಹೊಡೆದ ಮೇಲೆ ಏನು ಮಾಡುವಳೆಂದು ನಾನು ಕೇಳಲಿಲ್ಲ. ಅದು ಅವಳಿಗೂ ತಿಳಿದಿರಲಾರದು. ಅಷ್ಟರಲ್ಲಿ ಒಳಗಿನಿಂದ, ರುಬ್ಬುವ ಗುಂಡಿನ ಗತಿಗೆ ಸರಿಯಾಗಿ, ಅವರ ಮನೆಯಾಕೆಯ ಕಂಠದಲ್ಲಿ ಅದೇ ಪಲ್ಲವಿ ಕೇಳಿಸಿತು. ಮಟ್ಟು ನಿಜಕ್ಕೂ ಇಂಪಾಗಿತ್ತು. ಅದಕ್ಕಿಂತ ಮಿಗಿಲಾಗಿ, ಪಲ್ಲವಿ ಮುಗಿದ ಮೇಲೂ ಹಾಡು ನಿಲ್ಲಲಿಲ್ಲ:

“ಚೀಟಿಯ ಮರೆತವನೆ, ಬರಿಗೈ ಬೀಸುತ ಬಂದವನೆ.”

ಬೆಳಗ್ಗೆ ಇವರು ಸೊಸೈಟಿ ಅಂಗಡಿಗೆ ಅಕ್ಕಿ ತರಹೋಗಿ, ರೇಷನ್ ಚೀಟಿಯನ್ನು ನೋಟುಪುಸ್ತಕದೊಳಗೇ ಬಿಟ್ಟು, ಸಾಲಿನ ತುದಿ ಮುಟ್ಟಿದ ಮೇಲೆ ಬರಿಚೀಲದೊಡನೆ ಹಿಂದಿರುಗಿದ್ದರೆಂಬುದು ಬೀದಿಗೆಲ್ಲ ತಿಳಿದ ಸಂಗತಿ. ಗಂಡನನ್ನು ಎಂದೂ ಬಹುವಚನವಲ್ಲದೆ ಕರೆಯದ ಸಾಧ್ವಿ ಆಕೆ. ಕಾವ್ಯದಲ್ಲಿ ಏಕವಚನ ದೋಷವಲ್ಲವಷ್ಟೆ. ಬಾಗಿಲಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರು ಕಿವಿ ನಿಮಿರಿಸಿ, ಎರಡನೆಯ ಸಲಕ್ಕೆ ಆ ಸಾಲನ್ನು ಹಿಡಿದು, ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಹಾಡಿಯೇಬಿಟ್ಟರು. ಸೈಕಲ್ಲಿನ ಹಾಲಿನವನು ಸಹ ಕ್ಯಾನಿನ ಮೇಲೆ ತಾಳ ಹಾಕಿದ.

ನಮ್ಮ ಕವಿಗಳ ಮುಖ ಕಂದಿತು. ನಡುಮನೆಯ ಕಡೆಗೆ ತಿರುಗಿ ಗಟ್ಟಿಯಾಗಿ ಕೂಗಿದರು: “ಟಕಾರವೇನೋ ಕೂಡಿತು ಕಣೇ! ಆದರೆ ‘ಕಿಟಕಿ’ಯಲ್ಲಿ ಹಿಂದಣ ಅಕ್ಷರ ಹ್ರಸ್ವ, ‘ಚೀಟಿ’ಯಲ್ಲಿ ದೀರ್ಘ. ಅದು ಸಿಂಹಪ್ರಾಸ, ಇದು ಗಜಪ್ರಾಸ. ಸಿಂಹವನ್ನೂ ಆನೆಯನ್ನೂ ಒಂದೇ ಪದ್ಯದಲ್ಲಿ ಕಟ್ಟಿದರೆ ಉಳಿಯುವುದುಂಟೇ?”

ರುಬ್ಬುವ ಸದ್ದು ನಿಂತಿತು.

“ಸಿಂಹಕ್ಕಾಗಲಿ ಆನೆಗಾಗಲಿ, ರಾತ್ರಿಗೆ ಅಕ್ಕಿ ಇಲ್ಲ ಅಂದ್ರೆ.”