ನಿಮ್ಮ ಅಂಗಡಿ ಲೆಕ್ಕದ ಅರ್ಧ ಈಗ ಬೇರೆಯವರ ಕೈಲಿದೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಅಂಗಡಿ ಅಣ್ಣಂದಿರೇ, ಅಕ್ಕಂದಿರೇ,

ಮಾರ್ಚ್ ಬಂತೆಂದರೆ ನಮ್ಮ ಕಡೆ ಒಂದೇ ಮಾತು: ‘ಲೆಕ್ಕ ಆಡಿಟರ್ ನೋಡ್ಕೊಳ್ತಾರೆ ಬಿಡಿ.’ ವರ್ಷದ ಬಿಲ್ಲುಗಳೆಲ್ಲ ಒಂದು ಕ್ಯಾರಿಬ್ಯಾಗಿನಲ್ಲಿ ಅವರ ಆಫೀಸಿಗೆ ಹೋಗುತ್ತವೆ. ಅಂಗಡಿಗಳ ಲೆಕ್ಕ ಬರೆಯುವುದೇ ನನ್ನ ಕಸುಬು. ಆ ಚೀಲ ಬಿಚ್ಚುವವನಾಗಿ ಹೇಳುತ್ತೇನೆ, ನಿಮ್ಮ ನಿಜವಾದ ವ್ಯಾಪಾರ ಅದರಲ್ಲಿ ಇರುವುದಿಲ್ಲ. ಅದು ಇರುವುದು ಗಲ್ಲಾಪೆಟ್ಟಿಗೆಯ ಪಕ್ಕದ ಉದ್ರಿ ಪುಸ್ತಕದಲ್ಲಿ. ಅದನ್ನು ಮಾತ್ರ ಯಾರೂ ತಂದುಕೊಡುವುದಿಲ್ಲ.

2025ರ ಜುಲೈ ನೆನಪಿದೆಯಲ್ಲವೇ? ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಯುಪಿಐನಲ್ಲಿ ಬಂದ ಹಣವನ್ನು ವರ್ಷವಾರು ಕೂಡಿ, ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆಯದು 20 ಲಕ್ಷ ದಾಟಿದೆ ಎಂದು ಸಾವಿರಾರು ಸಣ್ಣ ವರ್ತಕರಿಗೆ ನೋಟಿಸ್ ಕಳಿಸಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಎಂದು ಬಂದಿತ್ತು. ಕ್ಯೂಆರ್ ಹಾಳೆಗಳು ಗೋಡೆಯಿಂದ ಇಳಿದವು, ‘ಯುಪಿಐ ಇಲ್ಲ, ನಗದು ಮಾತ್ರ’ ಬೋರ್ಡುಗಳು ಏರಿದವು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರನ್ನು ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಜಿಎಸ್‌ಟಿ ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ವರ್ತಕರು 25ಕ್ಕೆ ಕೊಟ್ಟಿದ್ದ ಬಂದ್ ಕರೆ ವಾಪಸಾಯಿತು.

ಗಲಾಟೆ ತಣ್ಣಗಾಯಿತು. ಇಲಾಖೆಯ ಕೈಲಿರುವ ಯುಪಿಐ ಲೆಕ್ಕ ಮಾತ್ರ ಎಲ್ಲೂ ಹೋಗಿಲ್ಲ. ಆ ಲೆಕ್ಕದಲ್ಲಿ ಬಂದ ದುಡ್ಡು ಕಾಣುತ್ತದೆ, ಯಾತಕ್ಕೆ ಬಂತೆಂಬುದು ಕಾಣುವುದಿಲ್ಲ. ಭಾವಮೈದುನ ಕೊಟ್ಟ ಕೈಗಡ, ಎತ್ತಿದ ಚೀಟಿಯ ಹಣ, ತೆರಿಗೆಯೇ ಇಲ್ಲದ ತರಕಾರಿ ಮಾರಿದ್ದು, ಎಲ್ಲವೂ ಒಂದೇ ಖಾತೆಗೆ ಬಿದ್ದರೆ ಎಲ್ಲವೂ ತೆರಿಗೆ ಬೀಳುವ ವ್ಯಾಪಾರವಾಗಿಯೇ ಕಾಣುತ್ತದೆ. ಅಂಗಡಿಗೊಂದು, ಮನೆಗೊಂದು ಖಾತೆ ಇಟ್ಟುಕೊಳ್ಳಿ ಎಂದು ಅಂಗಲಾಚುವುದು ಇದಕ್ಕೇ.

ನಮ್ಮ ಜಿಲ್ಲೆಗೆ ಇನ್ನೊಂದು ತೊಡಕಿದೆ. ಹೊಳಲ್ಕೆರೆ, ಹೊಸದುರ್ಗದ ಕಿರಾಣಿ ಅಂಗಡಿಗೆ ವರ್ಷ ಮುಗಿಯುವುದು ಮಾರ್ಚ್ 31ಕ್ಕಲ್ಲ, ಗಿರಾಕಿಯ ಅಡಿಕೆ ಮಾರಾಟವಾದಾಗ. ಹಿರಿಯೂರಿನ ಮಳೆಯಾಶ್ರಿತ ಹಳ್ಳಿಗಳಲ್ಲಾದರೆ ಶೇಂಗಾ ಬಂದಾಗ. ‘ಅಡಿಕೆ ಕೊಟ್ಟ ಮೇಲೆ ಕೊಡ್ತೀನಿ ಕಣಣ್ಣ’ ಎಂದವನು ರೇಟು ಏರಲಿ ಎಂದು ಅಡಿಕೆಯನ್ನು ಮನೆಯಲ್ಲೇ ಇಟ್ಟುಕೊಂಡರೆ ಉದ್ರಿಯೂ ಹಾಗೇ ಕೂರುತ್ತದೆ. ಜೂನ್‌ನಲ್ಲಿ ಭೀಮಸಮುದ್ರದ ಮಾರುಕಟ್ಟೆಗೆ ರಾಶಿ ಅಡಿಕೆ ಹಾಕಿ ಬಂದವನು ಒಂದೇ ಸಲಕ್ಕೆ 38,000 ಫೋನ್‌ಪೇ ಮಾಡಿದ ಎಂದಿಟ್ಟುಕೊಳ್ಳಿ. ನೀವು ಅಕ್ಕಿ, ಎಣ್ಣೆ ಕೊಟ್ಟದ್ದು ಹೋದ ವರ್ಷ. ದುಡ್ಡು ಬರದಿದ್ದರೂ ಅದು ಹೋದ ವರ್ಷದ ಮಾರಾಟವೇ. ಮಾರ್ಚ್ 31ಕ್ಕೆ ಅವನ ಹೆಸರಲ್ಲಿ ಬಾಕಿ ಬರೆದಿಟ್ಟಿದ್ದರೆ ಜೂನ್‌ನದು ಹಳೆಯ ಬಾಕಿ ಜಮಾ. ಇಲ್ಲವಾದರೆ ಅದೇ 38,000 ಈ ವರ್ಷದ ಹೊಸ ಮಾರಾಟವಾಗಿ ನಿಲ್ಲುತ್ತದೆ, ಅಲ್ಲವೆನ್ನಲು ನಿಮ್ಮ ಬಳಿ ಒಂದು ಗೀಟೂ ಇರುವುದಿಲ್ಲ.

ಉದ್ರಿ ಪುಸ್ತಕಗಳನ್ನು ನೋಡಿದ್ದೇನೆ. ‘ತೋಟದ ಮನೆ 640’, ‘ಸಣ್ಣಕ್ಕನ ಮಗ 210’. ತಾರೀಖಿಲ್ಲ. ತೀರಿದ್ದಕ್ಕೆ ಇಡೀ ಸಾಲಿನ ಮೇಲೆ ಅಡ್ಡಗೀಟು, ಯಾವತ್ತು, ಹೇಗೆ ತೀರಿತು ಎಂಬುದೂ ಅದರಡಿ ಮುಚ್ಚಿಹೋಗಿದೆ. ದಯವಿಟ್ಟು ಗೀಟು ಹಾಕಬೇಡಿ, ಪಕ್ಕದಲ್ಲಿ ತಾರೀಖು, ಮೊತ್ತ, ನಗದೋ ಫೋನೋ ಬರೆಯಿರಿ.

ಬಿಲ್ಲುಗಳದೂ ಇದೇ ಕಥೆ. ಜಿಎಸ್‌ಟಿಯಲ್ಲಿ ಲೆಕ್ಕಪತ್ರವನ್ನು ಕನಿಷ್ಠ ಆರು ವರ್ಷ ಇಟ್ಟಿರಬೇಕು. ಮಿಷನ್ನಿನಿಂದ ಬರುವ ನುಣುಪು ಕಾಗದದ ಬಿಲ್ಲು ನಮ್ಮ ಬಿಸಿಲಿಗೆ ಒಂದು ಬೇಸಿಗೆ ಕಳೆಯುವುದರೊಳಗೆ ಖಾಲಿ ಹಾಳೆ. ಬಂದ ದಿನವೇ ಫೋಟೊ ತೆಗೆದಿಡಿ.

ರೋಕಡ ಪುಸ್ತಕದಲ್ಲಿ ಶಿಲ್ಕು ಮೈನಸ್ ಬಂದರೆ ಆಡಿಟರಿಗೆ ‘ಸರಿ ಮಾಡಿ’ ಎನ್ನಬೇಡಿ. ಗಲ್ಲಾದಲ್ಲಿ ಇಲ್ಲದ ದುಡ್ಡು ಖರ್ಚಾಗುವುದಿಲ್ಲ. ಎಲ್ಲೋ ಒಂದು ಮಾರಾಟವೋ ಸಾಲವೋ ಬರೆಯುವುದು ಬಿಟ್ಟಿದೆ, ಹುಡುಕಿ. ದಾಸ್ತಾನನ್ನು ಮಾರ್ಚ್ 31ರ ರಾತ್ರಿ ಬಾಗಿಲು ಹಾಕಿದ ಮೇಲೆ ಎಣಿಸಿ, ಬಾಯಿ ಬಿಚ್ಚಿದ ಸಕ್ಕರೆ ಮೂಟೆಯನ್ನೂ ತೂಗಿ. ಬೆಲೆ ಹಾಕುವುದು ಕೊಂಡ ದರದಲ್ಲಿ, ಮಾರುವ ದರದಲ್ಲಲ್ಲ. ಆದಾಯ ತೆರಿಗೆಗೆ ಎರಡು ಕೋಟಿಯೊಳಗಿನ ವ್ಯಾಪಾರದಲ್ಲಿ ನಗದಿಗೆ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ 6 ಪರ್ಸೆಂಟ್ ಲಾಭ ತೋರಿಸಿದರೆ ಸಾಕು, ಪುಸ್ತಕ ಯಾಕೆ ಎನ್ನುವವರಿದ್ದಾರೆ. ಆ ರಿಯಾಯಿತಿ ಜಿಎಸ್‌ಟಿಗೆ ಅನ್ವಯಿಸುವುದಿಲ್ಲ. ನೋಂದಣಿಯಾದ ಅಂಗಡಿಯವರು ಒಂದು ಪರ್ಸೆಂಟಿನ ರಾಜಿ ತೆರಿಗೆಗೆ (ಕಾಂಪೊಸಿಷನ್) ಹೋಗುವುದಿದ್ದರೂ ಮುಂದಿನ ವರ್ಷಕ್ಕೆ ಮಾರ್ಚ್ 31ರೊಳಗೇ ತಿಳಿಸಬೇಕು.

ಇಲಾಖೆಯ ಅಧಿಕಾರಿಗಳಿಗೂ ಒಂದು ಕೋರಿಕೆ. ನೋಟಿಸ್ ಕಳಿಸುವ ಮೊದಲು ಸಂತೆ ದಿನ ತಾಲ್ಲೂಕಿಗೆ ಬಂದು ಕೂತು, ಉದ್ರಿ ಪುಸ್ತಕ ತಂದವರದನ್ನು ಬಿಡಿಸಿ ನೋಡಿ. ನಮ್ಮ ಹಂಗಾಮು ನಿಮಗೂ ತಿಳಿಯಲಿ.

ಕೊನೆಯದಾಗಿ, 31ರ ರಾತ್ರಿ ಲೆಕ್ಕಕ್ಕೆ ಮನೆಯವರನ್ನೂ ಕೂರಿಸಿಕೊಳ್ಳಿ. ‘ತೋಟದ ಮನೆ’ ಯಾರೆಂದು ನಿಮಗೊಬ್ಬರಿಗೇ ಗೊತ್ತು. ನಾಳೆ ನೀವು ಹಾಸಿಗೆ ಹಿಡಿದರೆ ಆ ಬಾಕಿ ಕೇಳಲು ಹೆಂಡತಿ ಮಕ್ಕಳು ಯಾರ ಮನೆ ಬಾಗಿಲಿಗೆ ಹೋಗಬೇಕು? ಊರು, ಪೂರ್ತಿ ಹೆಸರು, ಫೋನ್ ನಂಬರ್ ಬರೆದಿಡಿ.

ಇಂತಿ,
ನಿಮ್ಮ ಲೆಕ್ಕ ಬರೆಯುವವನು